ಮುನಿವೆಂಕಟಪ್ಪನ ಬದನಿಕೆ ಬೇಸಾಯ

"ಲೋ ವೆಂಕ್ಟ, ಕಿತ್ತು ಬಿಸಾಕ್ತಿದೀಯ ಅಂದ್ಕೊಂಡು ಖುಷಿಪಟ್ಟೆ. ನೀನು ಹಚ್ತಿದೀಯಲ್ಲೋ!"

ಮಾವಿನ ಮರದ ಕೆಳಗೆ ನಿಂತು ಹೀಗೆ ಕೂಗಿದವನು ದೊಡ್ಡಮುನಿಯಪ್ಪ. ಮೇಲೆ ಕವಲಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದವನು ಅವನ ತಮ್ಮ ಮುನಿವೆಂಕಟಪ್ಪ. ತಮ್ಮನ ಹೆಬ್ಬೆರಳಿಗೆ ಬದನಿಕೆಯ ಒಂದು ಬೀಜ ಅಂಟಿಕೊಂಡಿತ್ತು. ಕೊಂಬೆಗೆ ಒರೆಸಿದರೆ ಅಂಟಿನ ಎಳೆ ಉದ್ದವಾಗುತ್ತಿತ್ತೇ ಹೊರತು ಬೀಜ ಮಾತ್ರ ಬೆರಳನ್ನೇ ನೆಚ್ಚಿಕೊಂಡಿತ್ತು. ಇಷ್ಟು ಹೊತ್ತಿಗೆ ಅದು ಅವನ ಪಂಚೆ, ಮೀಸೆ, ಎಡಕಿವಿ ಎಲ್ಲ ಕಡೆ ಸಂಸಾರ ಮಾಡಿ ಬಂದಿತ್ತು.

ಬದನಿಕೆ ಎಂದರೆ ಗೊತ್ತಲ್ಲ, ಬೇರೆ ಮರದ ಕೊಂಬೆಯ ಮೇಲೆ ಹುಟ್ಟಿ, ಆ ಮರದ ರಸವನ್ನೇ ಕುಡಿದು, ಆ ಮರಕ್ಕಿಂತ ಹಸಿರಾಗಿ ಮೆರೆಯುವ ಗಿಡ. ಬಿನ್ನಮಂಗಲದ ಕಡೆ ಯಾರ ಮರದಲ್ಲಿ ಅದು ಕಂಡರೂ ಜನ ಮರವನ್ನು ಬಯ್ಯುತ್ತಿರಲಿಲ್ಲ, ಯಜಮಾನನನ್ನು ಬಯ್ಯುತ್ತಿದ್ದರು. ಎದ್ದು ಕೊಯ್ದು ಹಾಕಲು ಮೈ ಬಗ್ಗದವನು ಅಂತ ಲೆಕ್ಕ.

"ಹಚ್ತಿಲ್ಲ ಅಣ್ಣ. ಬಿತ್ತನೆ ಮಾಡ್ತಿದೀನಿ."

"ಏನನ್ನ?"

"ಬದನಿಕೇನ."

ದೊಡ್ಡಮುನಿಯಪ್ಪ ತಮ್ಮನ ಕಡೆಯಿಂದ ಮುಖ ತಿರುಗಿಸಿದ. ಆಮೇಲೆ ಮರಕ್ಕೆ ಹೇಳುವವನ ಹಾಗೆ, "ಒಂದು ಸಾಲ್ದು ಅಂತ ಇನ್ನೊಂದಾ? ಇವನೊಬ್ಬ ಮೇಲೆ ಕೂತಿರೋದು ಸಾಕಾಗಿಲ್ವಾ ನಿಂಗೆ?" ಅಂದ.

ಮುನಿವೆಂಕಟಪ್ಪನಿಗೆ ನಗು ಬಂತು. ಅಣ್ಣನ ಮಾತಿಗೆ ಕೋಪ ಮಾಡಿಕೊಳ್ಳುವ ಹಕ್ಕು ಅವನಿಗೆ ಹೋಗಿ ಬಹಳ ವರ್ಷವಾಗಿತ್ತು. ಹಲಸೂರಿನಲ್ಲಿ ಸೋಡಾ ಅಂಗಡಿ ಇಟ್ಟ. ಗೋಲಿ ಒತ್ತುವ ಭರಕ್ಕೆ ಬಾಟಲಿಗಳು ಸಿಡಿದು, ಕುಡಿಯಲು ಬಂದವರು ಅಂಗಡಿಯ ಮುಂದೆ ಬಗ್ಗಿ ನಡೆಯುವ ಹಾಗಾಯಿತು. ಜಟಕಾ ಹೊಡೆದ, ಕುದುರೆಗೆ ದಾರಿ ಇವನಿಗಿಂತ ಚೆನ್ನಾಗಿ ಗೊತ್ತಿದ್ದರಿಂದ ಅದು ಪ್ರತಿದಿನ ಹಳೆಯ ಯಜಮಾನನ ಮನೆಗೇ ಹೋಗಿ ನಿಂತಿತು. ಈಗ ಮನೆ ನಡೆಯುತ್ತಿದ್ದುದು ಹೆಂಡತಿ ಆದಿಲಕ್ಷ್ಮಿ ರಸೆಲ್ ಮಾರುಕಟ್ಟೆಯಲ್ಲಿ ಕೂತು ಮಾರುವ ಹೂವಿನಿಂದ. ಮುನಿವೆಂಕಟಪ್ಪನ ಹೆಸರಿನಲ್ಲಿ ಉಳಿದಿದ್ದದ್ದು, ಅಪ್ಪ ತೀರಿಕೊಂಡ ಮೇಲೆ ತೋಪು ಭಾಗವಾದಾಗ ಬಂದ ಮೂರು ಮಾವಿನ ಮರ: ಒಂದು ರಸಪುರಿ, ಒಂದು ಬಾದಾಮಿ, ಇನ್ನೊಂದು ಉಪ್ಪಿನಕಾಯಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಆಗದ ಹುಳಿ ನಾಟಿ. ಆ ಮೂರು ಮರದ ಕೆಳಗೆ ನಿಂತಾಗ ಮಾತ್ರ ಅವನಿಗೆ ತಾನೂ ಒಬ್ಬ ಯಜಮಾನ ಅನಿಸುತ್ತಿತ್ತು. ಮರಗಳು ಎದುರು ಮಾತಾಡುತ್ತಿರಲಿಲ್ಲವಲ್ಲ.

"ಕೇಳಿಲ್ಲಿ," ಅಂದ ದೊಡ್ಡಮುನಿಯಪ್ಪ. "ಹಕ್ಕಿಗೆ ನಮ್ಮ ಭಾಗದ ಗಡಿ ಗೊತ್ತಾಗಲ್ಲ. ನಿನ್ನ ಮರದಲ್ಲಿ ತಿಂದು ನನ್ನ ಮರದಲ್ಲಿ ಒರೆಸುತ್ತೆ. ನಾನು ವರ್ಷಾ ವರ್ಷ ಕೊಯ್ದು ಸಾಯ್ಬೇಕು. ಯಾಕೋ ಬೇಕು ಇದು?"

"ದಂಡಿನ ದೊರೆಸಾನಿ ಕೇಳಿದಾಳೆ."

ಅದು ಸುಳ್ಳಲ್ಲ. ಬಿಳಿಯರ ದಂಡು ಪ್ರದೇಶದ ಬೆನ್ಸನ್ ಟೌನಿನಲ್ಲಿ ಅವಳ ಬಂಗಲೆಯ ಬಟ್ಲರ್ ಆಗಿದ್ದ ಶೌಕತ್, ಆದಿಲಕ್ಷ್ಮಿಯ ಹತ್ತಿರ ದಿನಾ ಹೂವು ಕೊಳ್ಳುತ್ತಿದ್ದ. ಹೋದ ಕ್ರಿಸ್‌ಮಸ್ ಹೊತ್ತಿಗೆ ಅವನು ಒಂದು ಚಿತ್ರ ತಂದು ತೋರಿಸಿದ. ಅದರಲ್ಲಿದ್ದದ್ದು ಒಂದು ಸೊಪ್ಪಿನ ಗೊಂಚಲು. ದೊರೆಸಾನಿಯ ತಾಯಿ ಪ್ರತಿ ವರ್ಷ ಕಡಲಾಚೆಯ ತಮ್ಮ ಸೀಮೆಯಿಂದ ಅದನ್ನು ಒಣಗಿಸಿ ಹಡಗಿನಲ್ಲಿ ಕಳಿಸುತ್ತಿದ್ದಳಂತೆ. ಯುದ್ಧ ಬಂದು ಹಡಗು ಮುಳುಗುವ ಕಾಲ, ಸೊಪ್ಪು ಎಲ್ಲಿ ಬರಬೇಕು? ದೊರೆಸಾನಿ ಕಣ್ಣೀರು ಹಾಕಿಕೊಂಡು ಕೂತಿದ್ದಳು. ಆದಿಲಕ್ಷ್ಮಿ ಚಿತ್ರ ನೋಡಿ, "ಅಯ್ಯೋ, ಇದು ನಮ್ಮನೆಯೋರ ಮರದಲ್ಲಿ ಬೇಕಾದಷ್ಟಿದೆ ಭಾಯ್" ಅಂದಿದ್ದಳು. ಬಂದು ನೋಡಿದರೆ ಅದೇ ವಾರ ದೊಡ್ಡಮುನಿಯಪ್ಪ ತಮ್ಮನ ಮರಗಳನ್ನೂ ಸೇರಿಸಿ ಎಲ್ಲ ಕೊಯ್ದು ಒಲೆಗೆ ಹಾಕಿದ್ದ. ಜೀವಮಾನದಲ್ಲಿ ಮೊದಲ ಸಲ ತನ್ನ ಹತ್ತಿರ ಇದ್ದದ್ದನ್ನು ಕೇಳಿಕೊಂಡು ಒಬ್ಬರು ಬಂದಾಗ, ಅಣ್ಣ ಅದನ್ನು ಬೂದಿ ಮಾಡಿದ್ದ. ಮುನಿವೆಂಕಟಪ್ಪ ಅಂದೇ ಶೌಕತ್‌ಗೆ ಮಾತು ಕೊಟ್ಟ: "ಬೆಳೆದು ಕೊಡ್ತೀನಿ ಭಾಯ್." ಸೋಮಾರಿತನದಿಂದ ತಾನಾಗಿ ಬರುತ್ತಿದ್ದದ್ದನ್ನು ಮೈಮುರಿದು ಬೆಳೆಯಲು ಹೊರಟ ಮೊದಲ ಮನುಷ್ಯ ತಾನೇ ಇರಬೇಕು ಅಂತ ಅವನಿಗೂ ಅನುಮಾನವಿತ್ತು.

"ದೊರೆಸಾನಿ ತಗೊಂಡು ಏನು ಮಾಡ್ತಾಳೆ?"

"ಬಾಗ್ಲಿಗೆ ಕಟ್ತಾಳಂತೆ. ಮನೆಗೆ ಬರಕತ್ತು, ಏಳಿಗೆ ಬರುತ್ತೆ ಅಂತ ಶೌಕತ್ ಹೇಳ್ದ."

"ಅಷ್ಟೇನಾ?" ದೊಡ್ಡಮುನಿಯಪ್ಪ ಮರದ ಬುಡಕ್ಕೆ ಕೈಯಿಟ್ಟು ಪಂಚಾಯ್ತಿ ಮಾಡುವವನ ಗಂಟಲಲ್ಲಿ ಹೇಳಿದ: "ರಾಗಿ ಬೆಳೆದ್ರೆ ಮುದ್ದೆ, ಹುರುಳಿ ಬೆಳೆದ್ರೆ ಎತ್ತಿಗೆ, ಹೂವು ಬೆಳೆದ್ರೆ ದೇವ್ರಿಗೆ. ಬೆಳೆ ಅಂದ್ರೆ ಇಂಥದ್ದಕ್ಕೆ ಅಂತ ನಾಲ್ಕು ಜನದ ಮುಂದೆ ಬಾಯಿಬಿಟ್ಟು ಹೇಳೋ ಹಾಗಿರ್ಬೇಕು. ಮುಂದಿನ ಕ್ರಿಸ್‌ಮಸ್ ಹಬ್ಬ ಬಿಡು, ಅದರಾಚೆ ಹಬ್ಬದವರೆಗೂ ನಾನು ಕೊಯ್ಯಲ್ಲ. ಅಷ್ಟರಲ್ಲಿ ದೊರೆಸಾನಿ ತಗೊಂಡು, ಉಪಯೋಗ ಮಾಡಿ, ಆ ಉಪಯೋಗ ಏನು ಅಂತ ನೀನು ನನ್ನ ಮುಂದೆ ಹೇಳಿದ್ರೆ ಮರ ನಿಂದು, ನಾನು ಮತ್ತೆ ಕೇಳಲ್ಲ. ಇಲ್ಲಾಂದ್ರೆ ಮೂರೂ ನಂದು. ನೀನೂ ಆದಿಲಕ್ಷ್ಮೀನೂ ನಮ್ಮನೇಲಿ ಬಂದು ಉಣ್ಣಿ."

ಕೊನೆಯ ಮಾತನ್ನು ಅವನು ಪ್ರೀತಿಯಿಂದಲೇ ಹೇಳಿದ. ಅದಕ್ಕೇ ಮುನಿವೆಂಕಟಪ್ಪನಿಗೆ ಚುಚ್ಚಿತು. ಅಣ್ಣನ ಮನೆಯ ತಟ್ಟೆಯ ಮುಂದೆ ದಿನಾ ಕೂರುವ ತನ್ನ ಚಿತ್ರವೊಂದು ಕಣ್ಣಿಗೆ ಕಟ್ಟಿತು. ಆ ಚಿತ್ರದಲ್ಲಿ ಅವನು ದಪ್ಪಗೆ, ಹಸಿರಾಗಿ ಇದ್ದ.

"ಆಯ್ತಣ್ಣ," ಅಂದ. ಬೀಜ ಆಗ ಬೆರಳು ಬಿಟ್ಟು ಮೊಣಕೈಗೆ ಹತ್ತಿತು.

ಬೇಸಾಯ ಶುರುವಾಯಿತು. ಊರಾಚೆಯ ಮರವೊಂದರಿಂದ ಹುಡುಕಿ ತಂದ ಬದನಿಕೆ ಹಣ್ಣನ್ನು ಹಾಗೇ ಕೊಂಬೆಯ ಮೇಲಿಟ್ಟ, ಗಾಳಿಗೆ ಉದುರಿತು. ಬಾಳೆನಾರಿನಲ್ಲಿ ಕಟ್ಟಿದ, ಇರುವೆಗಳು ಮೆರವಣಿಗೆಯಲ್ಲಿ ಬಂದು ಸಮಾರಾಧನೆ ಮಾಡಿಕೊಂಡವು. ಆಮೇಲೆ ಬುದ್ಧಿ ಬಂದು, ಬದನಿಕೆಗೆ ಬರುವ ಹೆಬ್ಬೆರಳು ಗಾತ್ರದ ಹಕ್ಕಿ ಏನು ಮಾಡುತ್ತದೆಂದು ನೋಡುತ್ತ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಕೂತ. ಅದು ಹಣ್ಣು ನುಂಗುತ್ತಿತ್ತು. ಸ್ವಲ್ಪ ಹೊತ್ತಿಗೆ ಬೀಜ ಹಿಂದಿನಿಂದ ಬರುತ್ತಿತ್ತು. ಅಂಟು ಬಿಡದ್ದರಿಂದ ಹಕ್ಕಿ ಕೊಂಬೆಗೆ ಅಡ್ಡಲಾಗಿ ಕೂತು ಹಿಂಭಾಗವನ್ನು ಉಜ್ಜುತ್ತಿತ್ತು. ಬೀಜ ಅಲ್ಲೇ ನಿಲ್ಲುತ್ತಿತ್ತು. ಈ ವಿದ್ಯೆಯನ್ನು ಅವನು ಸಂಜೆ ಉತ್ಸಾಹದಿಂದ ಹೆಂಡತಿಗೆ ವಿವರಿಸಿದ.

ಆದಿಲಕ್ಷ್ಮಿ ಕಟ್ಟುತ್ತಿದ್ದ ಹೂವು ಕೆಳಗಿಟ್ಟು ಹೇಳಿದಳು, "ನೋಡಿ, ಹಕ್ಕಿ ಹತ್ರ ಕಲೀರಿ, ಬೇಡ ಅನ್ನಲ್ಲ. ಆದ್ರೆ ಪೂರ್ತಿ ಹಕ್ಕಿ ಹಾಗೇ ಮಾಡಕ್ಕೆ ಹೋಗ್ಬೇಡಿ. ನಮ್ದು ಮರ್ಯಾದಸ್ತರ ಮನೆ."

ಸಿಪ್ಪೆ ಸುಲಿದು, ಎಳೆಯ ಕೊಂಬೆಯ ಕೆಳಮೈಗೆ ಬೀಜ ಒತ್ತಿ, ಅಂಟು ಬಿಗಿಯುವ ತನಕ ಬೆರಳು ಹಿಡಿದು ಕೂರಬೇಕು. ಅದು ತಿಳಿಯುವ ಹೊತ್ತಿಗೆ ತೋಪಿನ ಅರ್ಧ ಇರುವೆಗಳಿಗೆ ಅವನ ಪರಿಚಯವಾಗಿತ್ತು. ಕೆಲವು ಬೀಜ ಕಚ್ಚಿದವು. ಹಸಿರು ನಾಲಗೆಯಂಥದ್ದೊಂದು ಹೊರಬಂದು, ಬಗ್ಗಿ, ಕೊಂಬೆಗೆ ಜಿಗಣೆಯ ಹಾಗೆ ಬಾಯಿ ಊರಿತು. ಮುನಿವೆಂಕಟಪ್ಪ ಆ ದಿನ ಊರಿನಲ್ಲಿ ಯಾರು ಸಿಕ್ಕರೂ ಮಗು ಹುಟ್ಟಿದವನ ಹಾಗೆ ನಕ್ಕ. ಮರಕ್ಕೆ ರಸ ಬೇಕು, ಮರಕ್ಕೆ ರಸ ಬಂದರೆ ಬದನಿಕೆಗೆ ಬರುತ್ತದೆ ಎಂದು ಬಾವಿಯಿಂದ ನೀರು ಹೊತ್ತು ಬುಡಕ್ಕೆ ಹಾಕಿದ. "ಅಪ್ಪ ಇದ್ದಾಗ ನೀನು ಮಾವಿಗೆ ಒಂದು ಚೊಂಬು ನೀರು ಹಾಕಲಿಲ್ಲ," ಅಂತ ದೊಡ್ಡಮುನಿಯಪ್ಪ ಬೇಲಿಯಾಚೆಯಿಂದ ಹೇಳಿದ. ನಿಜವೇ. ಮುನಿವೆಂಕಟಪ್ಪ ಇನ್ನೊಂದು ಕೊಡ ತಂದ.

ಎರಡನೆಯ ವರ್ಷ ಬದನಿಕೆ ಗೊಂಚಲು ಗೊಂಚಲಾಗಿ ತೂಗಿತು. ಬೇಸಿಗೆಯಲ್ಲಿ ರಸಪುರಿ ಮಾತ್ರ ನಿಂಬೆಕಾಯಿ ಗಾತ್ರದ ಹಣ್ಣು ಬಿಟ್ಟಿತು, ಅದೂ ಎಣಿಸಿಬಿಡುವಷ್ಟು. ಮುನಿವೆಂಕಟಪ್ಪ ಒಂದು ಹಣ್ಣು ಕೈಯಲ್ಲಿ ಹಿಡಿದು, ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಮರದ ಕಡೆ ಮುಖ ಮಾಡದೆ ಮನೆಗೆ ಬಂದ.

ಡಿಸೆಂಬರ್ ಬಂತು. ಕೊಡುವ ಬಗೆ ಹೇಗೆ ಅನ್ನುವುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ. ಅವನ ಅಜ್ಜಿ ನಾಟಿ ಔಷಧಿ ಕೊಡುತ್ತಿದ್ದವಳು. ಬದನಿಕೆಯನ್ನು ಬಾಗಿಲಿಗೆ ಕಟ್ಟುವುದಿದ್ದರೆ ಹಿಂದಿನ ಸಂಜೆ ಅರಿಶಿನ ಕುಂಕುಮ ಇಟ್ಟು, "ನಾಳೆ ಕರ್ಕೊಂಡು ಹೋಗ್ತೀನಿ, ಬಾಮ್ಮ" ಅಂತ ಕರೆಯಬೇಕು. ಬೆಳಗ್ಗೆ ಕಬ್ಬಿಣ ತಾಗಿಸದೆ ಕೈಯಲ್ಲೇ ಮುರಿಯಬೇಕು. ನೆಲಕ್ಕೆ ಇಳಿಸಬಾರದು. ಮುರಿದಾಗಿನಿಂದ ಬಾಗಿಲಿಗೆ ಕಟ್ಟುವ ತನಕ ತುಟಿ ಬಿಚ್ಚಬಾರದು. ಬಿಚ್ಚಿದರೆ ಅದು ಬರೀ ಸೊಪ್ಪು. ದೊರೆಸಾನಿಗೆ ಬರೀ ಸೊಪ್ಪು ಕೊಟ್ಟು ಮರ ಕಳೆದುಕೊಳ್ಳಲು ಅವನು ತಯಾರಿರಲಿಲ್ಲ.

ಹೀಗಾಗಿ ಕ್ರಿಸ್‌ಮಸ್ಸಿನ ಹಿಂದಿನ ಬೆಳಗ್ಗೆ ಹಲಸೂರಿನ ಜನ ಒಂದು ಪೊದೆ ನಡೆದು ಹೋಗುವುದನ್ನು ಕಂಡರು. ಪೊದೆಯ ಕೆಳಗೆ ಪಂಚೆ, ಪಂಚೆಯ ಕೆಳಗೆ ಮುನಿವೆಂಕಟಪ್ಪನ ಕಾಲು. ಆದಿಲಕ್ಷ್ಮಿ ಹೂವಿನ ಬುಟ್ಟಿ ಹೊತ್ತು ಮಾರುಕಟ್ಟೆಗೆ ಅದೇ ದಾರಿಯಲ್ಲಿ ಹೋಗಬೇಕಾದವಳು, ಒಂದು ಕೂಗಳತೆ ಹಿಂದೆ ಉಳಿದಿದ್ದಳು. ಕೇಳಿದವರಿಗೆ, "ಯಾರೋ ಗೊತ್ತಿಲ್ಲ ಕಣಮ್ಮ," ಅನ್ನುತ್ತಿದ್ದಳು.

ಕೆರೆ ದಾಟಿ, ಪಟಾಲಮ್ಮುಗಳ ಬಿಡಾರವಿದ್ದ ರಸ್ತೆಗೆ ತಿರುಗುವಲ್ಲಿ ಸಿಪಾಯಿಯೊಬ್ಬ ಬಂದೂಕು ಅಡ್ಡ ಹಿಡಿದ.

"ಹಾಲ್ಟ್! ಯಾರ್ ನೀ?"

ಪೊದೆ ನಿಂತಿತು. ಉತ್ತರ ಬರಲಿಲ್ಲ.

ಆಗ ಸಿಪಾಯಿಗಳಿಗೆ ತಲೆಗೆ ಸೊಪ್ಪು ಕಟ್ಟಿಕೊಂಡು ವೈರಿಯ ಕಣ್ಣಿಗೆ ಕಾಣದ ಹಾಗೆ ತೆವಳುವ ಪಾಠ ನಡೆಯುತ್ತಿತ್ತು. ಇವನು ಎಲ್ಲರಿಗೂ ಕಾಣುವ ಹಾಗೆ, ರಸ್ತೆಯ ನಡುವೆ, ನಿಂತುಕೊಂಡೇ ಮಾಡುತ್ತಿದ್ದದ್ದು ಸಿಪಾಯಿಗೆ ಇನ್ನೂ ಅನುಮಾನ ತರಿಸಿತು. "ಎನ್ನಯ್ಯಾ, ವಾಯಿಲ್ಲೆಯಾ?" ಅಂತ ಬಾಯಿ ತೋರಿಸಿ ತಮಿಳಿನಲ್ಲಿ ಗದರಿದ. ಮುನಿವೆಂಕಟಪ್ಪ ಎರಡೂ ಕೈ ಮೇಲಿದ್ದರಿಂದ ಹುಬ್ಬಿನಲ್ಲೇ ವಿವರಿಸಲು ನೋಡಿದ. ತುಟಿ ಒಳಗೆಳೆದುಕೊಂಡ, ಆಕಾಶ ನೋಡಿದ, ಸೊಪ್ಪು ನೋಡಿದ, ಬೆನ್ಸನ್ ಟೌನಿನ ಕಡೆ ಗಲ್ಲ ತಿರುಗಿಸಿದ. ಸಿಪಾಯಿಯೂ ಆಕಾಶ ನೋಡಿದ. ವಿಮಾನವಿರಲಿಲ್ಲ. ಅವನು ಹವಾಲ್ದಾರನನ್ನು ಕರೆದ.

ದಪ್ಪ ಮೀಸೆಯ ಹವಾಲ್ದಾರ ಬಂದು ಪೊದೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. "ಜಪಾನ್‌ಕಾರನಾ ಸಾರ್?" ಅಂತ ಸಿಪಾಯಿ ಕೇಳಿದ. ಹವಾಲ್ದಾರ ಮುನಿವೆಂಕಟಪ್ಪನ ಹೊಟ್ಟೆಯನ್ನು ಬೆತ್ತದಿಂದ ಒತ್ತಿ ನೋಡಿ, "ಇಷ್ಟು ಹೊಟ್ಟೆ ಇಟ್ಕೊಂಡು ಯಾವ ಜಪಾನ್‌ಕಾರ ಬರ್ಮಾ ಕಾಡು ದಾಟಿದಾನು?" ಅಂದ. ಹೊಟ್ಟೆಯಿಂದ ತನಗೆ ಪ್ರಯೋಜನವಾದದ್ದು ಅದೊಂದೇ ಸಲ ಎಂದು ಮುನಿವೆಂಕಟಪ್ಪ ಆಮೇಲೆ ಎಷ್ಟೋ ಜನರಿಗೆ ಹೇಳಿದ್ದಾನೆ.

ಒಂದು ಮಾತು ಆಡಿದ್ದರೆ ಬಿಟ್ಟುಬಿಡುತ್ತಿದ್ದರು. ಮಾತು ನಾಲಗೆಯ ತುದಿಗೆ ಬಂದು ಒದ್ದಾಡುತ್ತಿತ್ತು. ಆದರೆ ಆಡಿದರೆ ಸೊಪ್ಪು, ಸೊಪ್ಪಾದರೆ ಅಣ್ಣನ ಮನೆಯ ತಟ್ಟೆ. ಅವನು ಬೆವರುತ್ತ ಹಿಂದೆ ತಿರುಗಿ, ಒಂದು ಕೂಗಳತೆ ದೂರದಲ್ಲಿ ಬುಟ್ಟಿ ಹೊತ್ತು ನಿಂತು ಕೆರೆಯನ್ನೇ ನೋಡುತ್ತಿದ್ದ ಹೆಂಡತಿಯ ಕಡೆ ನೋಡಿದ. ಹವಾಲ್ದಾರನೂ ನೋಡಿದ. ಇನ್ನು ಗೊತ್ತಿಲ್ಲ ಅನ್ನುವ ಹಾಗಿರಲಿಲ್ಲ. ಆದಿಲಕ್ಷ್ಮಿ ಬಂದಳು. ಹಲಸೂರಿನಲ್ಲಿ ಹುಟ್ಟಿ ಬೆಳೆದವಳು, ತಮಿಳು ಅವಳಿಗೆ ನೀರು ಕುಡಿದಷ್ಟು ಸಲೀಸು. ಹವಾಲ್ದಾರ ಕೇಳಿದ ಪ್ರಶ್ನೆಗೆಲ್ಲ ಅವನ ಮಾತಿನಲ್ಲೇ ಉತ್ತರ ಕೊಟ್ಟಳು.

"ಯಾರಮ್ಮ ಇವನು?"

"ಮದುವೆಯಾದಾಗಿಂದ ನಾನೂ ಅದನ್ನೇ ಕೇಳ್ತಿದೀನಿ ಸಾರ್."

"ಮೂಗನಾ?"

"ಎಲ್ಲಿ ಬಂತು ಸಾರ್ ಅಂಥ ಪುಣ್ಯ! ನಿನ್ನೆ ಸಂಜೆವರೆಗೂ ಬಾಯಿ ಮುಚ್ಚಿರ್ಲಿಲ್ಲ. ಇವತ್ತೊಂದಿನ ವ್ರತ. ನಿಮಗೆ ಕೈ ಮುಗೀತೀನಿ, ಇನ್ನೊಂದು ಸ್ವಲ್ಪ ಹೊತ್ತು ಇಟ್ಕೊಳ್ಳಿ."

ಪೊದೆಯೊಳಗಿಂದ ಉಸಿರು ಬಿಟ್ಟ ಸದ್ದು ಬಂತು.

"ಏನು ಕೆಲಸ ಮಾಡ್ತಾನೆ?"

"ಸೋಡಾ ಮಾಡ್ತಿದ್ರು, ಸಿಡೀತು. ಜಟಕಾ ಹೊಡೀತಿದ್ರು, ಕುದುರೇನೇ ಇವರನ್ನ ಬಿಡ್ತು. ಈಗ ಇದನ್ನ ಬೆಳೀತಾರೆ."

ಹವಾಲ್ದಾರ ಸೊಪ್ಪನ್ನು ಹತ್ತಿರದಿಂದ ನೋಡಿದ. ಅವನೂ ಧರ್ಮಪುರಿ ಕಡೆಯ ಹಳ್ಳಿಯವನು, ಬದನಿಕೆ ಕಂಡವನು. "ಪುಲ್ಲುರುವಿ ಅಲ್ವಾ ಇದು! ಇದನ್ನ ಬೆಳೀತಾರಾ? ಬೇಕೂ ಅಂತ?" ಅಂತ ಕೇಳಿ, ಉತ್ತರಕ್ಕೆ ಕಾಯದೆ ನಗಲು ಶುರುಮಾಡಿದ. ನಗುತ್ತ ಹೋಗಿ ಗೋಡೆಗೆ ಒರಗಿದ. ಸಿಪಾಯಿಗೂ ಹತ್ತಿತು. ಆದರೆ ನಗು ಬೇರೆ, ಕಾನೂನು ಬೇರೆ. ಸಾಹೇಬರು ಬಂದು ನೋಡದೆ ಬಿಡುವಂತಿಲ್ಲ ಅಂದರು.

ಸಾಹೇಬರು ಬರುವವರೆಗೆ ಮುನಿವೆಂಕಟಪ್ಪ ಬಿಸಿಲಿನಲ್ಲಿ ಪೊದೆ ಹೊತ್ತು ನಿಂತ. ಕತ್ತು ಮುರಿಯುವ ಹಾಗಾಯಿತು. ತನ್ನ ಮೇಲೆ ಬದನಿಕೆ ಬಂದರೆ ಮರಕ್ಕೆ ಹೇಗಾಗುತ್ತದೆ ಅನ್ನುವುದನ್ನು ಅವನು ಬಹುಶಃ ಬಿನ್ನಮಂಗಲದ ಯಾವ ರೈತನಿಗಿಂತಲೂ ಚೆನ್ನಾಗಿ ತಿಳಿದುಕೊಂಡ. ಆದಿಲಕ್ಷ್ಮಿ ಎದುರಿಗೆ ಬಂದು ಅವನ ಮುಖ ನೋಡಿದಳು. ಸೆರಗಿನ ತುದಿಯಿಂದ ಹಣೆಯ ಬೆವರು ಒರೆಸಿದಳು. "ಆ ಶೌಕತ್ ಭಾಯ್ ಚಿತ್ರದಲ್ಲಿ ಬಿಳೀ ಹಣ್ಣಿತ್ತು. ನಿಮ್ಮದ್ರಲ್ಲಿ ಕೆಂಪು ಹೂವು," ಅಂದಳು. "ದೊರೆಸಾನಿ ಇದಲ್ಲ ಅಂದ್ಬಿಟ್ರೆ?"

ಅವನ ಕಣ್ಣು ದೊಡ್ಡದಾಯಿತು. ಅಷ್ಟು ತಿಂಗಳು ಅದು ಅವನಿಗೆ ಹೊಳೆದಿರಲೇ ಇಲ್ಲ.

"ಬಗ್ಗಿ," ಅಂದಳು. ಬುಟ್ಟಿಯಿಂದ ಕಾಕಡ ಮಲ್ಲಿಗೆಯ ಬಿಗಿ ಬಿಳಿ ಮೊಗ್ಗು ತೆಗೆದು, ಬಾಳೆನಾರು ಹಲ್ಲಿನಲ್ಲಿ ಸೀಳಿಕೊಂಡು, ಎಲೆಗಳ ಸಂದಿಯಲ್ಲಿ ಎರಡೆರಡು ಮೂರು ಮೂರು ಮೊಗ್ಗು ಸೇರಿಸಿ ಕಟ್ಟುತ್ತ ಹೋದಳು. ಗಂಡನ ತಲೆಯ ಮೇಲೆ ಕೈಯಾಡಿಸುತ್ತ ರಸ್ತೆಯ ನಡುವೆ ನಿಂತದ್ದಕ್ಕೆ ನಾಚಿಕೆ ಬಂದು, "ಇಷ್ಟು ಹೂವು ಮಾರಿದ್ರೆ ಎರಡು ದಿನದ ಅಕ್ಕಿ," ಅಂತ ಗೊಣಗಿದಳು. ಆ ಬೆಳಗ್ಗೆ ಅವನಿಗೆ ಏನೇನೋ ಹೇಳಬೇಕು ಅನಿಸಿತು. ವ್ರತ ಇದ್ದದ್ದು ಒಳ್ಳೆಯದೇ ಆಯಿತು. ಹೇಳಿದ್ದರೆ ಕೆಡಿಸುತ್ತಿದ್ದ.

ಸಾಹೇಬ ಬಂದ. ಎಳೆಯ ವಯಸ್ಸಿನ ಬಿಳಿಯ. ಬಿಳಿ ಮೊಗ್ಗು ತುಂಬಿದ ಗೊಂಚಲು ನೋಡಿದವನೇ "ಮಿಸಲ್‌ಟೋ!" ಅಂತ ತನ್ನ ಸೀಮೆಯ ಆ ಸೊಪ್ಪಿನ ಹೆಸರು ಕೂಗಿ ಟೋಪಿ ತೆಗೆದ. ಪೊದೆಯ ಕೆಳಗಿದ್ದ ಮುನಿವೆಂಕಟಪ್ಪನನ್ನು ನೋಡಿದ, ಎದುರಿಗೆ ಕೈಯೆತ್ತಿ ನಿಂತಿದ್ದ ಆದಿಲಕ್ಷ್ಮಿಯನ್ನು ನೋಡಿದ, ಹವಾಲ್ದಾರನಿಗೆ ಏನೋ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಹವಾಲ್ದಾರ ಕೆಂಪಗಾದ. "ಏನಂದ್ರು ಸಾರ್?" ಅಂತ ಆದಿಲಕ್ಷ್ಮಿ ಕೇಳಿದಳು. "ಏನಿಲ್ಲಮ್ಮ. ಹೋಗಿ, ಬೇಗ ಹೋಗಿ," ಅಂದ.

ಬೆನ್ಸನ್ ಟೌನಿನ ಬಂಗಲೆಯಲ್ಲಿ ಶೌಕತ್ ಗೇಟಿನಲ್ಲೇ ಕಾಯುತ್ತಿದ್ದ. "ಅರೆ ಭಾಯಿ, ಎಷ್ಟೊತ್ತು! ಅಮ್ಮಾವ್ರು ಹತ್ತು ಸಲ ಕೇಳಿದ್ರು." ಮುನಿವೆಂಕಟಪ್ಪ ಸ್ಟೂಲು ಹತ್ತಿ, ವರಾಂಡದ ಬಾಗಿಲ ನಡುವಿನ ಕೊಕ್ಕೆಗೆ ಗೊಂಚಲನ್ನು ನೆಲಕ್ಕೆ ತಾಗಿಸದೆ ಕಟ್ಟಿದ. ದೊರೆಸಾನಿ ಒಳಗಿಂದ ಬಂದಳು. ತಲೆ ಅರ್ಧ ನರೆತವಳು. ಗೊಂಚಲು ನೋಡಿ ಬಾಯಿಗೆ ಕೈ ಅಡ್ಡ ಹಿಡಿದು ನಿಂತಳು. ಕಣ್ಣಲ್ಲಿ ನೀರು ತುಂಬಿತು. ಮುನಿವೆಂಕಟಪ್ಪನ ಎದೆ ಉಬ್ಬಿತು. ಶೌಕತ್ ಕಲಿಸಿದ್ದ "ಹ್ಯಾಪಿ ಕ್ರಿಸ್‌ಮಸ್, ಅಮ್ಮ" ಎಂಬ ಮಾತನ್ನು ಎರಡು ವಾರದಿಂದ ಉರು ಹೊಡೆದಿದ್ದ. ವ್ರತ ಮುಗಿದಿತ್ತು. ಬಾಯಿ ತೆರೆದ.

ಅಷ್ಟರಲ್ಲಿ ದೊರೆ ಒಳಗಿನಿಂದ ಬಂದು, ಗೊಂಚಲಿನ ನೇರ ಕೆಳಗೆ ಹೆಂಡತಿಯ ಸೊಂಟಕ್ಕೆ ಕೈ ಹಾಕಿ, ಬಟ್ಲರ್, ಹೂವಿನವಳು, ಸ್ಟೂಲಿನ ಮೇಲಿನ ಮನುಷ್ಯ ಎಲ್ಲರ ಎದುರಿಗೇ ಮುತ್ತಿಟ್ಟ. ಕೆನ್ನೆಗಲ್ಲ.

"ಅಯ್ಯಯ್ಯೋ!" ಅಂದ ಮುನಿವೆಂಕಟಪ್ಪ. ಅಷ್ಟು ಹೊತ್ತು ಕಾಪಾಡಿದ ಮೌನದ ಮೊದಲ ಫಲ ಅದು.

ಆದಿಲಕ್ಷ್ಮಿ ಸೆರಗಿನಿಂದ ಮುಖ ಪೂರ್ತಿ ಮುಚ್ಚಿಕೊಂಡಳು. ಸೆರಗು ತೆಳ್ಳಗಿತ್ತು.

ಶೌಕತ್ ಅವನನ್ನು ಸ್ಟೂಲಿನಿಂದ ಇಳಿಸಿ ಅಡಿಗೆಮನೆಯ ಹಿಂದಕ್ಕೆ ಕರೆದುಕೊಂಡು ಹೋದ. "ಅದಕ್ಕೇ ಭಾಯಿ ಅದು. ಅದರ ಕೆಳಗೆ ಯಾರು ಸಿಕ್ಕಿದ್ರೂ... ರಿವಾಜು."

"ಬರಕತ್ತು ಅಂದ್ಯಲ್ಲಪ್ಪಾ!"

"ಅದೂ ಬರಕತ್ತೇ ಅಲ್ವಾ? ಮೊದಲೇ ಹೇಳಿದ್ರೆ ನೀನು ಬೆಳೀತಿದ್ಯಾ?"

ಬೆಳೆಯುತ್ತಿರಲಿಲ್ಲ. ಆದರೆ ಅವನು ತಲೆಯ ಮೇಲೆ ಕೈ ಹೊತ್ತದ್ದು ಅದಕ್ಕಲ್ಲ. ಆ ಉಪಯೋಗ ಏನು ಅಂತ ನನ್ನ ಮುಂದೆ ಹೇಳಬೇಕು ಅಂದಿದ್ದ ಅಣ್ಣ ನೆನಪಾಗಿದ್ದ. ಅಪ್ಪನ ಸಮಾನ ಅಣ್ಣ. ಪಕ್ಕದಲ್ಲಿ ತಾಯಿ ಸಮಾನ ಅತ್ತಿಗೆ ಬೇರೆ ನಿಂತಿರುತ್ತಾಳೆ.

ಹಬ್ಬ ಮುಗಿದ ಬೆಳಗ್ಗೆ ದೊಡ್ಡಮುನಿಯಪ್ಪ ಗರಗಸ ಹಿಡಿದೇ ತೋಪಿಗೆ ಬಂದ. ಹಿಂದೆ ಅವನ ಹೆಂಡತಿ ಅಕ್ಕಯಮ್ಮ. ಆದಿಲಕ್ಷ್ಮಿ ಓರಗಿತ್ತಿಯ ಪಕ್ಕಕ್ಕೆ ಸರಿದು ನಿಂತಳು.

"ತಗೊಂಡ್ರಾ?"

"ತಗೊಂಡ್ರಣ್ಣ. ಮುಂದಿನ ವರ್ಷಕ್ಕೂ ಬೇಕಂತೆ. ಕ್ಲಬ್ಬಿಗೂ ಬೇಕಂತೆ."

"ಸಂತೋಷ. ಏನು ಮಾಡಿದ್ರು?"

"ಬಾಗ್ಲಿಗೆ ಕಟ್ಟಿದ್ರು."

"ತೋರಣದ ಹಾಗೆ?"

"ತೋರಣದ ಹಾಗೇ."

"ಹಂಗಾದ್ರೆ ಮಾವಿನ ಸೊಪ್ಪೇ ಸಾಕಿತ್ತಲ್ಲೋ. ಇದೇ ಯಾಕೆ ಬೇಕಿತ್ತು?"

ಮುನಿವೆಂಕಟಪ್ಪ ಗಂಟಲು ಸರಿಮಾಡಿಕೊಂಡ. "ಕೆಳಗೆ ನಿಂತ್ಕೊಂಡ್ರು."

"ಯಾರು?"

"ದೊರೆ. ದೊರೆಸಾನಿ."

"ನಿಂತ್ಕೊಂಡು?"

"ನಿಂತ್ಕೊಂಡು... ಇದ್ರು."

"ಕೈ ಮುಗಿದ್ರಾ?"

"ಕೈ ಮುಗೀಲಿಲ್ಲ. ಕೈ ಬೇರೆ ಕಡೆ ಇತ್ತು." ಅವನು ಮರದ ಕಡೆ ತಿರುಗಿದ. "ದೃಷ್ಟಿಗೆ ಅಣ್ಣ! ದೃಷ್ಟಿ ತಾಗ್ಬಾರ್ದು ಅಂತ."

"ಈ ಕಡೆ ತಿರುಗು," ಅಂದ ದೊಡ್ಡಮುನಿಯಪ್ಪ. ತಿರುಗಿದ. "ಕಿವಿ ಕೆಂಪಾಗಿದೆ. ಚಿಕ್ಕೋನಿದ್ದಾಗಿಂದ ನೀನು ಸುಳ್ಳು ಹೇಳಿದ್ರೆ ಹಿಂಗೇ. ನಿಜ ಹೇಳು."

ಮುನಿವೆಂಕಟಪ್ಪ ನೆಲ ನೋಡಿದ. ಸಿಪಾಯಿಯ ಬಂದೂಕಿನ ಮುಂದೆ ಬಾಯಿ ಬಿಡಬಾರದಾಗಿತ್ತು, ಬಿಡಲಿಲ್ಲ. ಈಗ ಬಿಡಬೇಕು, ಬರುತ್ತಿರಲಿಲ್ಲ. ತನ್ನ ನಾಲಗೆ ಯಾವತ್ತೂ ಕೆಲಸದ ಹೊತ್ತಿಗೆ ಒದಗಿದ್ದಲ್ಲ ಅಂತ ಅವನಿಗೆ ಅನಿಸಿತು. ಒಂದು ಮಾತು. ಅದನ್ನು ಹೇಳಿದರೆ ಮೂರು ಮರ. ಅತ್ತಿಗೆಯ ಕಡೆ ನೋಡಿದ, ಮರಗಳ ಕಡೆ ನೋಡಿದ, ತಲೆ ಅಲ್ಲಾಡಿಸಿದ.

"ಆಗಲ್ಲಣ್ಣ."

"ಹೇಳಕ್ಕಾಗದ ಉಪಯೋಗ ಉಪಯೋಗ ಅಲ್ಲ ಕಣೋ," ಅಂದ ದೊಡ್ಡಮುನಿಯಪ್ಪ. ಗೆದ್ದ ಸಂತೋಷ ಅವನ ದನಿಯಲ್ಲಿರಲಿಲ್ಲ. "ಇವತ್ತಿಂದ ಮರ ನಂದು. ಸಂಜೆ ಇಬ್ಬರೂ ಊಟಕ್ಕೆ ಬನ್ನಿ."

ಅವನು ಗರಗಸ ಎತ್ತಿ ರಸಪುರಿಯ ಕಡೆ ಹೆಜ್ಜೆ ಇಟ್ಟ. ಆದಿಲಕ್ಷ್ಮಿ ಅಕ್ಕಯಮ್ಮನ ತೋಳು ಹಿಡಿದು ಪಕ್ಕಕ್ಕೆ ಎಳೆದು, "ಅಕ್ಕಾ, ಇಲ್ಲಿ ಕೇಳಿ," ಅಂತ ಕಿವಿಗೆ ಬಾಯಿ ಇಟ್ಟಳು. ಅಕ್ಕಯಮ್ಮ ಕೇಳಿದಳು. "ಥೂ, ಹೋಗೇ!" ಅಂದಳು. ಮತ್ತೆ ಕಿವಿ ಕೊಟ್ಟಳು. "ಎಲ್ಲರ ಮುಂದೇನೇ?" ಅಂದಳು. ಮೂರನೆಯ ಸಲ ಕೇಳಿ, ಬಾಯಿಗೆ ಸೆರಗು ತುರುಕಿಕೊಂಡರೂ ನಗು ತಡೆಯದೆ ಮರದ ಬುಡದಲ್ಲಿ ಕುಸಿದು ಕೂತಳು.

"ಏನೇ ಅದು?" ಅಂದ ದೊಡ್ಡಮುನಿಯಪ್ಪ.

"ಉಪಯೋಗ ಇದೆ ಬಿಡ್ರೀ," ಅಂದಳು ಅಕ್ಕಯಮ್ಮ ಕಣ್ಣು ಒರೆಸಿಕೊಳ್ಳುತ್ತ. "ನಾನು ಒಪ್ಪಿದೀನಿ. ಮರ ವೆಂಕಟಪ್ಪಂದೇ."

"ಏನು ಉಪಯೋಗ ಅಂತ ಹೇಳು ಮತ್ತೆ."

"ನಿಮಗೆ ಹೇಳಿ ಏನೂ ಪ್ರಯೋಜನ ಇಲ್ಲ. ಇನ್ನು ಯಾವ ಸೊಪ್ಪು ಕಟ್ಟಿದ್ರೂ ಅಷ್ಟೇ."

ದೊಡ್ಡಮುನಿಯಪ್ಪ ಹೆಂಡತಿಯನ್ನು ನೋಡಿದ. ತಮ್ಮನ ಹೆಂಡತಿ ಮರದ ಹಿಂದೆ ಮರೆಯಾಗಿದ್ದಳು. ತಮ್ಮ ತನ್ನ ಕಾಲಿನ ಬೆರಳುಗಳನ್ನು ಎಣಿಸುತ್ತಿದ್ದ. ಅವನಿಗೆ ಅರ್ಥವಾಯಿತೋ ಇಲ್ಲವೋ, ಯಾರೂ ಕೇಳಲಿಲ್ಲ. ಕಿವಿ ಮಾತ್ರ ಈ ಸಲ ಅವನದೂ ಕೆಂಪಗಿತ್ತು. "ಹೆಂಗಸರು ಒಪ್ಪಿದ ಮೇಲೆ ನಂದೇನಿದೆ," ಅಂತ ಗೊಣಗಿ ಗರಗಸ ಹೆಗಲಿಗೇರಿಸಿ ಹೊರಟ.

"ಅಣ್ಣ, ಗರಗಸ ಬಿಟ್ಟು ಹೋಗು," ಅಂದ ಮುನಿವೆಂಕಟಪ್ಪ.

"ಯಾಕೋ? ಗೆದ್ದೆಯಲ್ಲ."

"ನಾನು ಗೆದ್ದೆ. ರಸಪುರಿ ಸೋತಿದೆ. ಬಾದಾಮೀದೂ ಅದೇ ಕಥೆ. ದೊರೆಸಾನಿಗೆ ಆ ಹುಳಿ ಮರದ್ದೊಂದು ಸಾಕು." ಕತ್ತು ಸವರಿಕೊಂಡು, "ಬೆನ್ಸನ್ ಟೌನ್ ತನಕ ನಾನೇ ಹೊತ್ತು ನೋಡಿದೀನಿ. ಭಾರ ಕಣಣ್ಣ ಅದು," ಅಂದ.

ದೊಡ್ಡಮುನಿಯಪ್ಪ ತಿರುಗಿ ಬಂದ. ರಸಪುರಿಯನ್ನು ಬುಡದಿಂದ ತುದಿಯವರೆಗೆ ನೋಡಿದ. "ನಿಂಗೆ ಗರಗಸ ಕೊಟ್ರೆ ಕೂತಿರೋ ಕೊಂಬೇನೇ ಕೊಯ್ತೀಯ. ಕೆಳಗೆ ನಿಂತು ಹಗ್ಗ ಹಿಡ್ಕೋ. ನಾನು ಹತ್ತುತೀನಿ."

"ಹುಷಾರಣ್ಣ."

"ನೀನು ಹುಷಾರು. ಸೊಪ್ಪಿನ ಕೆಳಗೆ ನಿಂತಿದೀಯ."

ಬದನಿಕೆ ಹೊತ್ತ ಮೊದಲನೆಯ ಕೊಂಬೆ ಲಟಲಟನೆ ಮುರಿದು ಕೆಳಕ್ಕೆ ವಾಲಿತು. ವಾಲುವಾಗ ಅದರ ಒಂದು ಚಿಗುರು ದೊಡ್ಡಮುನಿಯಪ್ಪನ ತಲೆಗೆ ಸಿಕ್ಕಿ, ಬಿಳಿ ರುಮಾಲನ್ನು ಬಿಚ್ಚಿಕೊಂಡು ಬಂತು. ಕೊಂಬೆ ಹಗ್ಗದಲ್ಲಿ ಆಳೆತ್ತರಕ್ಕೆ ತೂಗುತ್ತ ನಿಂತಿತು, ಅದರ ತುಂಬ ರುಮಾಲು ಉದ್ದಕ್ಕೆ ಹರಡಿಕೊಂಡಿತ್ತು. ಅಕ್ಕಯಮ್ಮ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅದನ್ನು ಬಿಡಿಸಿಕೊಳ್ಳಲು ಬದನಿಕೆಯ ಗೊಂಚಲಿನ ನೇರ ಕೆಳಗೆ ಬಂದು ನಿಂತಳು.